ಫ್ಯಾಂಟಮ್ ಲಿಬರ್ಟಿಯೋ, ಶ್ಯಾಟರ್ಡ್ ಸ್ಪೇಸೋ: ಯಾವ ಕಥಾ ವಿಸ್ತರಣೆಗೆ ಹಣ ಕೊಡಬೇಕು?

ವಿಡಿಯೋ ಗೇಮ್‌ಗಳ ಮೂಲ ಕಥೆಗೆ ಸೇರಿಸುವ ಈ ಎರಡು ಹೆಚ್ಚುವರಿ ಭಾಗಗಳಲ್ಲಿ ಒಂದನ್ನೇ ಕೊಳ್ಳುವುದಾದರೆ ಸೈಬರ್‌ಪಂಕ್ 2077 ಆಟದ ಫ್ಯಾಂಟಮ್ ಲಿಬರ್ಟಿಯನ್ನೇ ಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. 2023ರ ಸೆಪ್ಟೆಂಬರ್‌ನಲ್ಲಿ ಬಂದ ಈ ವಿಸ್ತರಣೆಯು ಡಾಗ್‌ಟೌನ್ ಎಂಬ ಕೋಟೆಯಂಥ ಬಡಾವಣೆಯನ್ನು ತೆರೆದು, ಮೂಲ ಆಟಕ್ಕೆ ಹೊಸದೊಂದು ಅಂತ್ಯವನ್ನೂ ಸೇರಿಸುತ್ತದೆ. ಪಾಳುಬಿದ್ದ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಮೊದಲ ಬಾರಿಗೆ ಎದುರಾಗುವ ಗೂಢಚಾರ ಸೋಲೊಮನ್ ರೀಡ್‌ನನ್ನು ನಂಬಬೇಕೋ, ನಿಮ್ಮ ಪ್ರಾಣ ಉಳಿಸುವ ಮಾತು ಕೊಟ್ಟ ಹ್ಯಾಕರ್ ಸಾಂಗ್‌ಬರ್ಡ್‌ಳನ್ನು ನಂಬಬೇಕೋ ಎಂಬ ಇಕ್ಕಟ್ಟು ಕೊನೆಯವರೆಗೂ ಬಿಡುವುದಿಲ್ಲ; ಯಾರ ಪಕ್ಷ ವಹಿಸುತ್ತೀರಿ ಎಂಬುದರ ಮೇಲೆ ಮುಂದಿನ ಕಾರ್ಯಾಚರಣೆಗಳೇ ಬೇರೆಯಾಗುತ್ತವೆ. ಆಟವನ್ನು ಹೊಸದಾಗಿ ಆರಂಭಿಸುವವರು ನೇರವಾಗಿ ಇದರ ಕಥೆಗೇ ಹೋಗಬಹುದು. ಆದರೆ ಪಿಎಸ್4 ಮತ್ತು ಎಕ್ಸ್‌ಬಾಕ್ಸ್ ಒನ್ ಎಂಬ ಹಳೆಯ ಗೇಮ್ ಕನ್ಸೋಲ್‌ಗಳಲ್ಲಿ ಇದು ಲಭ್ಯವಿಲ್ಲ. ಮೂಲ ಆಟದ ಕೌಶಲ ವ್ಯವಸ್ಥೆಯನ್ನು ಬದಲಿಸಿದ 2.0 ಅಪ್‌ಡೇಟ್ ಪಿಸಿ, ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್/ಎಸ್‌ಗಳಲ್ಲಿ ಆಡುವವರಿಗೆ ಉಚಿತವಾಗಿರುವುದರಿಂದ, ಅದಕ್ಕಾಗಿ ಮಾತ್ರ ವಿಸ್ತರಣೆಯನ್ನು ಕೊಳ್ಳುವ ಅಗತ್ಯವೂ ಇಲ್ಲ.

ಸ್ಟಾರ್‌ಫೀಲ್ಡ್ ಎಂಬ ಬಾಹ್ಯಾಕಾಶ ಆಟದ ವಿಸ್ತರಣೆಯಾದ ಶ್ಯಾಟರ್ಡ್ ಸ್ಪೇಸ್ 2024ರ ಸೆಪ್ಟೆಂಬರ್ 30ರಂದು ಬಂದಿತು. ಸಾವಿರಕ್ಕೂ ಹೆಚ್ಚು ಗ್ರಹಗಳನ್ನು ಸುತ್ತಿಸುವ ಮೂಲ ಆಟಕ್ಕೆ ವಿರುದ್ಧವಾಗಿ ಇದು ಬಹುಪಾಲು ವರೂನ್‌ಕೈ ಎಂಬ ಒಂದೇ ಗ್ರಹದಲ್ಲಿ ನಡೆಯುತ್ತದೆ. ಕೈಯಿಂದ ರೂಪಿಸಿದ ಆ ನೆಲದಲ್ಲಿ ಅಲೆಯುವುದು ಹಿತವೇ. ಆ ಗ್ರಹದ ವರೂನ್ ಮನೆತನದ ಸರ್ಪಾರಾಧನೆಯ ಬಗ್ಗೆ ಕುತೂಹಲವಿದ್ದವರಿಗೆ ಅಲ್ಲಿನ ಡಾಜ್ರಾ ನಗರ ನಿರಾಸೆ ಮಾಡದು. ಆದರೆ ಮೂಲ ಆಟದ ಸಂಭಾಷಣೆಗಳೇ ಸಪ್ಪೆಯೆನಿಸಿದವರಿಗೆ ಇಲ್ಲಿಯೂ ಬೇರೆ ರುಚಿ ಸಿಗುವುದಿಲ್ಲ. ಅಂಥವರು ಬೆಲೆ ಇಳಿಯುವವರೆಗೆ ಕಾಯುವುದು ಒಳಿತು.