ಮೈಸೂರಲ್ಲಿ ಕೀ ವಾಚ್ ಸರ್ವಿಸ್‌ಗೆ ಕೊಡೋರು ದಯವಿಟ್ಟು ಓದಿ

ಸರ್ವಿಸ್ ಅಂತ ಕೊಟ್ಟ ವಾಚು ಮೊದಲಿಗಿಂತ ಕೆಟ್ಟು ವಾಪಸ್ ಬಂದಿದೆ. 1,800 ರೂಪಾಯಿ ಎಣಿಸಿಕೊಟ್ಟಿದ್ದೀನಿ. ಅಂಗಡಿ ಹೆಸರು ಬರೆಯಲ್ಲ. ಆದರೆ ಅಲ್ಲಿ ನಡೆದದ್ದನ್ನು ಬರೀದೇ ಇರೋಕೆ ಆಗ್ತಿಲ್ಲ, ಅಷ್ಟು ಸಿಟ್ಟಿದೆ.

ವಾಚು ಎಚ್‌ಎಂಟಿ ಕೊಹಿನೂರ್, 17 ಜ್ಯೂಯೆಲ್ (ಒಳಗೆ ಸವೆತ ತಡೆಯೋ ಪುಟ್ಟ ಕಲ್ಲುಗಳು), ಮದುವೆಯಲ್ಲಿ ಮಾವನವರು ಕೊಟ್ಟಿದ್ದು. ಇತ್ತೀಚೆಗೆ ದಿನಕ್ಕೆ ಮೂರು ನಾಲ್ಕು ನಿಮಿಷ ಹಿಂದೆ ಬೀಳ್ತಿತ್ತು. ಒಳಗೆ ಆಯಿಲ್ ಒಣಗಿದಾಗ ಹಾಗಾಗೋದು ಸಹಜ. ಮಿಷಿನ್ ಪೂರ್ತಿ ಬಿಚ್ಚಿ, ಒಂದೊಂದು ಚಕ್ರಾನೂ ತೊಳೆದು, ಕಲ್ಲುಗಳಲ್ಲಿ ಕೂತ ಹಳೇ ಜಿಡ್ಡು ತೆಗೆದು, ಸೂಜಿಮೊನೆಯಷ್ಟು ಹೊಸ ಆಯಿಲ್ ಇಟ್ಟು ಜೋಡಿಸಬೇಕು. ಸರ್ವಿಸ್ ಅಂದ್ರೆ ಇದೇ. ನಾವು ದುಡ್ಡು ಕೊಡೋದೂ ಇದಕ್ಕೇ. ಬಿಲ್‌ನಲ್ಲೂ ಹಾಗೇ ಇದೆ: ಫುಲ್ ಸರ್ವಿಸ್, ಆಯಿಲಿಂಗ್, ಹೊಸ ಮೇನ್ ಸ್ಪ್ರಿಂಗ್ (ಕೀ ಕೊಟ್ಟಾಗ ಸುತ್ತಿಕೊಂಡು ವಾಚು ನಡೆಸೋ ಸ್ಪ್ರಿಂಗ್).

ವಾಪಸ್ ತಗೊಳ್ಳೋ ದಿನ ವಾಚನ್ನು ಟೈಮಿಂಗ್ ಮಿಷಿನ್ (ದಿನಕ್ಕೆ ಎಷ್ಟು ಸೆಕೆಂಡ್ ಮುಂದೆ, ಹಿಂದೆ ಅಂತ ತೋರಿಸೋದು) ಮೇಲೆ ಅಂಗಾತ ಇಟ್ಟು ಸ್ಕ್ರೀನ್ ತೋರಿಸಿದರು. "ನೋಡಿ ಸಾರ್, ಪ್ಲಸ್ ನಾಲ್ಕು ಸೆಕೆಂಡ್. ಸ್ವಿಸ್ ವಾಚಿಗೂ ಇಷ್ಟು ಬರಲ್ಲ." ಅರ್ಧ ನಿಮಿಷ ತೋರಿಸಿ ತೆಗೆದೇ ಬಿಟ್ಟರು. ಸ್ವಿಸ್ ಅಂತಾರಲ್ಲ, ಅಲ್ಲಿ ಕ್ರೋನೋಮೀಟರ್, ಅಂದ್ರೆ ಕರಾರುವಾಕ್ಕು ವಾಚು, ಅಂತ ಸರ್ಟಿಫಿಕೇಟ್ ಕೊಡೋಕೆ ಮುಂಚೆ ಮಿಷಿನನ್ನು ಐದು ಭಂಗಿಗಳಲ್ಲಿಟ್ಟು 15 ದಿನ ಪರೀಕ್ಷೆ ಮಾಡ್ತಾರೆ. ಸರಾಸರಿ ದಿನಕ್ಕೆ ಮೈನಸ್ 4ರಿಂದ ಪ್ಲಸ್ 6 ಸೆಕೆಂಡ್ ಒಳಗಿರಬೇಕು. ಇಲ್ಲಿ ಒಂದೇ ಭಂಗಿ, ಅರ್ಧ ನಿಮಿಷ. ನೆಟ್ಟಗೆ ನಿಲ್ಲಿಸಿ ತೋರಿಸಲಿಲ್ಲ, ಚಾವಿ ಕೆಳಗೆ ಮಾಡಿ ತೋರಿಸಲಿಲ್ಲ. ಯಾಕೆ ತೋರಿಸಲಿಲ್ಲ ಅನ್ನೋದು ಆಮೇಲೆ ಗೊತ್ತಾಯ್ತು.

ಮೇಜಿನ ಮೇಲೆ ಮಲಗಿಸಿದ್ರೆ ಸರಿಯಾಗಿ ನಡೆಯುತ್ತೆ. ಕೈಗೆ ಕಟ್ಟಿದ್ರೆ ಮುಂದೆ ಓಡುತ್ತೆ. ಸೆಕೆಂಡ್ ಲೆಕ್ಕ ಅಲ್ಲ, ನಿಮಿಷಗಟ್ಟಲೆ! ಶ್ರೀರಂಗಪಟ್ಟಣಕ್ಕೆ ಮಾವನವರ ಮನೆಗೆ ಹೋಗಿದ್ದಾಗ ಅವರೇ ನನ್ನ ಕೈ ನೋಡಿ, ಗೋಡೆ ಗಡಿಯಾರ ನೋಡಿ, "ಇನ್ನೂ ಹನ್ನೆರಡು ಆಗಿಲ್ವಲ್ಲ ಅಳಿಯಂದ್ರೇ, ಸರ್ವಿಸ್ ಮಾಡಿಸಿದೆ ಅಂದ್ರಿ?" ಅಂದರು. ಮನೆ ತುಂಬ ನೆಂಟರು. ಮುಖ ಎಲ್ಲಿಟ್ಟುಕೊಳ್ಳಲಿ?

ಅಂಗಡಿಗೆ ಹೋದೆ. "ಮೊಬೈಲ್ ಪಕ್ಕ ಇಟ್ಟಿರ್ತೀರಿ ಸಾರ್, ಮ್ಯಾಗ್ನೆಟ್ ಹಿಡಿದಿದೆ." ಸರಿ, ಮ್ಯಾಗ್ನೆಟ್ ಹಿಡಿದ್ರೆ ವಾಚು ಮುಂದೆ ಓಡೋದು ನಿಜ. ಹಾಗಾದ್ರೆ ತೆಗೆದುಕೊಡಿ, ಅದು ಎರಡು ನಿಮಿಷದ ಕೆಲಸ ಅಂದೆ. ತೆಗೆದ್ರೂ ಅಷ್ಟೇ ಓಡ್ತು. ಆಮೇಲೆ "ಕೀ ಜಾಸ್ತಿ ಕೊಡ್ತೀರೇನೋ." ಆಮೇಲೆ "ಹಳೇ ವಾಚು ಅಂದ್ರೆ ಹಿಂಗೇ." ಹಿಂಗೇ ಅಂತ ದುಡ್ಡು ತಗೊಳ್ಳೋಕೆ ಮುಂಚೆ ಯಾಕೆ ಹೇಳಲಿಲ್ಲ ಸ್ವಾಮಿ? ಸ್ವಿಸ್ ವಾಚಿಗೂ ಬರಲ್ಲ ಅಂದಿದ್ದು ಇದೇ ಬಾಯಿ ತಾನೇ?

ಕೊನೆಗೆ ಮಂಡ್ಯದಲ್ಲಿ ವಯಸ್ಸಾದ ವಾಚ್ ರಿಪೇರಿಯವರೊಬ್ಬರ ಹತ್ರ ಹೋದೆ. ಹಿಂದಿನ ಮುಚ್ಚಳ ತೆಗೆದವರು ಏನೂ ಮಾತಾಡದೆ ಕಣ್ಣಿನ ಗಾಜನ್ನು ನನ್ನ ಕೈಗೇ ಕೊಟ್ಟರು. ನೋಡಿದೆ. ಕಲ್ಲುಗಳ ಸುತ್ತ ಹಳೇ ಜಿಡ್ಡು ಕಪ್ಪಗೆ ಹಾಗೇ ಇದೆ. ಅದರ ಮೇಲೇ ಹೊಸ ಆಯಿಲ್ ಸುರಿದಿದ್ದಾರೆ, ಬಾಣಲೆಗೆ ಸುರಿದ ಹಾಗೆ. ತೊಳೆದೇ ಇಲ್ಲ! ಬಿಚ್ಚಿಯೇ ಇಲ್ಲ! ಆ ಆಯಿಲ್ ಹರಿದು ಹೇರ್ ಸ್ಪ್ರಿಂಗಿಗೆ, ಅಂದ್ರೆ ಬ್ಯಾಲೆನ್ಸ್ ವೀಲ್ ಅನ್ನೋ ಚಕ್ರವನ್ನು ಹಿಂದೆ ಮುಂದೆ ಆಡಿಸೋ ಕೂದಲೆಳೆಯಂಥ ಸುರುಳಿಗೆ, ಹತ್ತಿದೆ. ಸುರುಳಿಗಳು ಒಂದಕ್ಕೊಂದು ಅಂಟಿಕೊಂಡ್ರೆ ಸ್ಪ್ರಿಂಗ್ ಗಿಡ್ಡವಾದ ಲೆಕ್ಕ, ಬ್ಯಾಲೆನ್ಸ್ ವೀಲ್ ಬೇಗ ಬೇಗ ಆಡುತ್ತೆ. ಗಂಟೆಗೆ 18,000 ಸಲ ಬಡೀಬೇಕಾದ ಮಿಷಿನ್ ಅದಕ್ಕಿಂತ ಜಾಸ್ತಿ ಬಡಿದು ಓಡುತ್ತೆ. ಅದನ್ನು ಮುಚ್ಚಿಹಾಕೋಕೆ ವೇಗ ಹೆಚ್ಚು ಕಮ್ಮಿ ಮಾಡೋ ರೆಗ್ಯುಲೇಟರ್ ಕಡ್ಡಿಯನ್ನು ಮೈನಸ್ ಕಡೆ ತುದಿವರೆಗೂ ತಳ್ಳಿದ್ದಾರೆ. ಅಂಗಾತ ಮಲಗಿಸಿದಾಗ ಅಂಟು ಕಮ್ಮಿ, ಪ್ಲಸ್ ನಾಲ್ಕು ತೋರಿಸುತ್ತೆ. ನಿಂತ ಭಂಗಿಯಲ್ಲಿ ಸುರುಳಿ ಜೋತು ಒಂದಕ್ಕೊಂದು ತಾಗುತ್ತೆ, ಓಡುತ್ತೆ. ಮೇನ್ ಸ್ಪ್ರಿಂಗ್ ಡಬ್ಬಿ ಬಿಚ್ಚಿ ನೋಡಿದರು, ಸ್ಪ್ರಿಂಗೂ ಹಳೇದೇ.

ಆ ಗಾಜಲ್ಲಿ ನೋಡಿದಾಗ ಕೈ ನಡುಗಿತು. ದುಡ್ಡು ಹೋಗಿದ್ದಕ್ಕಲ್ಲ. ಕೌಂಟರ್ ಮುಂದೆ ನಿಲ್ಲಿಸಿ, ಸ್ಕ್ರೀನ್ ತೋರಿಸಿ, ನನ್ನ ಬಾಯಲ್ಲೇ "ಚೆನ್ನಾಗಿ ಮಾಡಿದ್ದೀರಿ" ಅನ್ನಿಸಿಕೊಂಡರಲ್ಲ, ಅದಕ್ಕೆ.

ಫೋಟೋ ತೆಗೆದುಕೊಂಡು ಮತ್ತೆ ಅಂಗಡಿಗೆ ಹೋದೆ. ಫೋಟೋ ಕಡೆ ಕಣ್ಣೇ ಹಾಯಿಸಲಿಲ್ಲ. "ಎಚ್‌ಎಂಟಿನೇ ಮುಚ್ಚಿಹೋಯ್ತು ಸಾರ್, ಪಾರ್ಟ್ಸ್ ಎಲ್ಲಿಂದ ತರೋದು? ಬೇಕಾದ್ರೆ ಒಳಗಿನ ಮಿಷಿನ್ ತೆಗೆದು ಸೆಲ್ ಮಿಷಿನ್ ಹಾಕಿಕೊಡ್ತೀನಿ, ಟೈಮ್ ಪಕ್ಕಾ ಇರುತ್ತೆ" ಅಂದರು. ಸೆಲ್ ಮಿಷಿನ್! ಎಚ್‌ಎಂಟಿ ವಾಚು ಅಂದ್ರೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಬೆಂಗಳೂರಲ್ಲಿ ಶುರುವಾದ ಕೆಲಸ. ಎಚ್‌ಎಂಟಿ ವಾಚಸ್ ಮುಚ್ಚೋ ತೀರ್ಮಾನ 2016ರಲ್ಲೇ ಆಯ್ತು, ಗೊತ್ತು. ಅದಕ್ಕೇ ತಾನೇ ಇರೋದನ್ನು ಜೋಪಾನ ಮಾಡಬೇಕು? ಪಾರ್ಟ್ಸ್ ಸಿಗಲ್ಲ ಅಂತ ಗೊತ್ತಿದ್ದವರು ಹೇರ್ ಸ್ಪ್ರಿಂಗ್ ಮೇಲೆ ಆಯಿಲ್ ಸುರೀತಾರಾ? ಮತ್ತೆ ಬಿಲ್‌ನಲ್ಲಿರೋ ಹೊಸ ಮೇನ್ ಸ್ಪ್ರಿಂಗ್ ಎಲ್ಲಿಂದ ಬಂತು? ಇದನ್ನು ಕೇಳಿದ್ದಕ್ಕೆ "ಸಂಜೆ ಬನ್ನಿ, ಈಗ ಗಿರಾಕಿ ಇದ್ದಾರೆ." ನಾನು ಗಿರಾಕಿ ಅಲ್ವಾ?

ಕೊಡೋ ಮುಂಚೆ ಮುಚ್ಚಳ ತೆಗೆಸಿ ಫೋಟೋ ತೆಗೆದುಕೊಳ್ಳಿ. ಸ್ಪ್ರಿಂಗ್ ಬದಲಾಯಿಸಿದ್ವಿ ಅಂದ್ರೆ ಹಳೇದನ್ನು ಕೈಗೆ ಕೊಡಿ ಅನ್ನಿ. ಟೈಮಿಂಗ್ ಮಿಷಿನ್ ಮೇಲೆ ಮಲಗಿಸಿ ತೋರಿಸಿದ್ರೆ ಒಪ್ಪಬೇಡಿ, ನೆಟ್ಟಗೆ ನಿಲ್ಲಿಸಿ ತೋರಿಸಿ ಅನ್ನಿ. ಮುಖ ಸಿಂಡರಿಸಿದ್ರೆ ವಾಚು ತಗೊಂಡು ಆಚೆ ಬನ್ನಿ. ಹಳೇ ಕೀ ವಾಚು ದಿನಕ್ಕೆ ಅರ್ಧ ನಿಮಿಷ ಹೆಚ್ಚು ಕಮ್ಮಿ ಆದ್ರೆ ನನ್ನದೇನೂ ತಕರಾರಿಲ್ಲ, ಪ್ಲಸ್ ನಾಲ್ಕು ನಾನು ಕೇಳಿದ್ದೇ ಅಲ್ಲ. ತೊಳೀರಿ ಅಂದಿದ್ದೆ, ಅಷ್ಟೇ.

ಮಂಡ್ಯದವರು ಹೇರ್ ಸ್ಪ್ರಿಂಗ್ ತೊಳೆದಿದ್ದಾರೆ, ಉಳಿದುಕೊಳ್ಳುತ್ತೆ ಅಂದಿದ್ದಾರೆ. ಬಿಲ್ಲು, ಫೋಟೋ ಎರಡೂ ನನ್ನ ಹತ್ರ ಇವೆ. ದುಡ್ಡು ವಾಪಸ್ ಕೊಡದಿದ್ರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡ್ತೀನಿ ಅಂತ ಆ ಅಂಗಡಿಯವರಿಗೆ ಬರೆದು ಕೊಟ್ಟಿದ್ದೀನಿ. ಇನ್ನೂ ಉತ್ತರ ಬಂದಿಲ್ಲ.