ಮೂರು ವರ್ಷ ಫಿಕ್ಸ್ ಮಾಡಿಸಿ ಕೈ ಸುಟ್ಟುಕೊಂಡ ಲೆಕ್ಕ

ಗೃಹಸಾಲಕ್ಕೆ ಫಿಕ್ಸ್ (ಇಷ್ಟು ವರ್ಷ ಅಂತ ಬದಲಾಗದ ಬಡ್ಡಿ) ಒಳ್ಳೇದೋ, ಫ್ಲೋಟಿಂಗ್ (ಏರಿಳಿಯುವ ಬಡ್ಡಿ) ಒಳ್ಳೇದೋ? ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ಫ್ಲೋಟಿಂಗ್‌ಗೆ. ಹಾಸನದ ಸಾಲಗಾಮೆ ರಸ್ತೆ ಕಡೆ ಕಟ್ಟಿದ ಮನೆಗೆ ಎರಡೂ ನೋಡಿಯಾಯ್ತು. ಚಿಕ್ಕಮಗಳೂರಿನ ಭಾವ ಐದು ವರ್ಷಕ್ಕೆ ಫಿಕ್ಸ್ ಮಾಡಿಸಿಕೊಂಡವರು, ಅವರದ್ದೂ ಕಣ್ಣೆದುರಿಗಿದೆ.

2022ರ ಜನವರಿಯಲ್ಲಿ ನಾನು ತೆಗೆದ ಸಾಲ ಫ್ಲೋಟಿಂಗ್: 25 ಲಕ್ಷ, 20 ವರ್ಷ, 6.9 ಪರ್ಸೆಂಟ್. ಕಂತು 19,233. ರೆಪೊ, ಅಂದರೆ ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ದರ, ಆಗ 4; ಅದರ ಮೇಲೆ ಬ್ಯಾಂಕಿನದು 2.9. ಮೇ ತಿಂಗಳಿಂದ ಆರ್‌ಬಿಐ ಏರಿಸೋಕೆ ಶುರು ಮಾಡ್ತು, 2023ರ ಫೆಬ್ರವರಿಗೆ 6.5, ಅಂದರೆ ನನ್ನ ಬಡ್ಡಿ 9.4. ಬಡ್ಡಿ ಏರಿದರೂ ಕಂತು ಅಷ್ಟೇ ಇದ್ದದ್ದರಿಂದ ನಾನು ಗಮನಿಸಲೇ ಇಲ್ಲ. ಒಂದು ದಿನ ಸ್ಟೇಟ್‌ಮೆಂಟ್ ತೆಗೆದರೆ, ಆ ತಿಂಗಳು ಕಟ್ಟಿದ್ದರಲ್ಲಿ ಅಸಲಿಗೆ ಹೋಗಿದ್ದು ಐನೂರು ರೂಪಾಯಿಯೂ ಇಲ್ಲ! ಏಪ್ರಿಲ್‌ನಲ್ಲಿ ಬ್ಯಾಂಕಿಂದ ಫೋನು: "ಸರ್, ನಿಮ್ಮ ಕಂತು ಬಡ್ಡಿಗೇ ಸಾಲ್ತಿಲ್ಲ." ಕಂತು 23,300ರ ಹತ್ತಿರಕ್ಕೆ ಹೋಯ್ತು.

ಅದೇ ಹೊತ್ತಿಗೆ ಭಾವ ಊಟಕ್ಕೆ ಬಂದು, "ನಂದು 7.75, ಅಲ್ಲಾಡಿಲ್ಲ ನೋಡಯ್ಯಾ" ಅಂದ್ರು. ಸಂಬಳದ ಮನುಷ್ಯ, ಕಂತು ಬಿಟ್ಟು ಒಂದು ರೂಪಾಯಿ ಹೆಚ್ಚಿಗೆ ಕಟ್ಟುವವರಲ್ಲ. ಅವರಿಗೆ ಅದು ಹೇಳಿ ಮಾಡಿಸಿದ್ದು, ಒಪ್ಪಿಕೊಳ್ತೀನಿ. ಆದರೆ ಅವರು ಫಿಕ್ಸ್ ಮಾಡಿಸಿದ್ದು ದರ ತಳದಲ್ಲಿದ್ದಾಗ. ನಾನು ಮಾಡಿಸಿದ್ದು ತುದಿಗೆ ಹೋದ ಮೇಲೆ.

ದರ ಪರಿಷ್ಕರಣೆ ಹೊತ್ತಿಗೆ ಸ್ಥಿರ ಬಡ್ಡಿಗೆ ಬದಲಾಯಿಸುವ ಆಯ್ಕೆ ಸಾಲಗಾರರಿಗೆ ಕೊಡಬೇಕು ಅಂತ ಆರ್‌ಬಿಐ 2023ರ ಆಗಸ್ಟ್‌ನಲ್ಲಿ ಹೇಳಿತ್ತು. 2024ರ ಜನವರಿಯಲ್ಲಿ ಹೋಗಿ ಮೂರು ವರ್ಷಕ್ಕೆ 9.9ರಂತೆ ಸಹಿ ಹಾಕಿ ಬಂದೆ. ಅರ್ಧ ಪರ್ಸೆಂಟ್ ಜಾಸ್ತಿ ಕೊಟ್ಟು ನಿದ್ದೆ ಕೊಂಡ ಹಾಗೆ ಅಂದುಕೊಂಡಿದ್ದೆ.

ಸಿಕ್ಕಿ ಹಾಕಿಕೊಂಡದ್ದು ದರದಲ್ಲಲ್ಲ, ಕಾಫಿಯಲ್ಲಿ. ಸಕಲೇಶಪುರದ ಹತ್ತಿರ ಅಪ್ಪನ ಎರಡೆಕರೆ ರೊಬಸ್ಟಾ ಇದೆ. ಕೊಯ್ದು, ಕಣದಲ್ಲಿ ಒಣಗಿಸಿ, ಮೂಟೆ ಕೊಟ್ಟು ದುಡ್ಡು ಕೈಗೆ ಬರೋದು ಮಾರ್ಚ್ ಹೊತ್ತಿಗೆ, ಅದೂ ಒಂದೇ ಸಲ. 2025ರಲ್ಲಿ ರೇಟು ಚೆನ್ನಾಗಿತ್ತು, ನನ್ನ ಪಾಲಿಗೆ 3 ಲಕ್ಷ ಸಿಕ್ತು. ಅಸಲಿಗೆ ಕಟ್ಟೋಣ ಅಂತ ಹೋದರೆ ಕೌಂಟರಿನ ಹುಡುಗ ಕ್ಯಾಲ್ಕುಲೇಟರ್ ತಿರುಗಿಸಿ ತೋರಿಸಿದ: ಎರಡು ಪರ್ಸೆಂಟ್ ಚಾರ್ಜು, ಮೇಲೆ ಜಿಎಸ್‌ಟಿ, ಒಟ್ಟು 7,080.

"ಮುಂಚೆ ಕಟ್ಟಿದರೆ ಚಾರ್ಜಿಲ್ಲ ಅಂತ ಆರ್‌ಬಿಐ ಹೇಳಿಲ್ವೇನಪ್ಪಾ?"

"ಅದು ಫ್ಲೋಟಿಂಗ್‌ಗೆ ಸರ್."

ನಿಜ. 2012ರಿಂದ ಬ್ಯಾಂಕುಗಳಿಗೆ ಆ ನಿಯಮ ಇದೆ, ಗೃಹಸಾಲದಲ್ಲಾದರೆ ಬದಲಾಗುವ ದರದ್ದಕ್ಕೆ ಮಾತ್ರ. ನಾನು ಸಹಿ ಹಾಕಿದ ಕಾಗದದ ಮೂರನೇ ಪುಟದಲ್ಲೂ ಇತ್ತು. ಓದಿರಲಿಲ್ಲ.

ಸಿಟ್ಟಿಗೆ ದುಡ್ಡು ಕಟ್ಟದೆ ಎದ್ದು ಬಂದೆ. ಲೆಕ್ಕ ಹಾಕಿದರೆ ಅದೇ ದೊಡ್ಡ ದಡ್ಡತನ. 3 ಲಕ್ಷಕ್ಕೆ 9.9ರಂತೆ ವರ್ಷದ ಬಡ್ಡಿಯೇ 29,700, ಚಾರ್ಜು ಕೊಟ್ಟು ಕಟ್ಟಿದ್ದರೂ ಲಾಭವೇ. ಎಸ್‌ಬಿ ಖಾತೆಯಲ್ಲಿ ಕೂತ ದುಡ್ಡು ಟೆರೇಸಿಗೆ ಶೀಟು, ಮಗಳಿಗೆ ಸ್ಕೂಟರು ಅಂತ ಕರಗಿತು. ಅಷ್ಟರಲ್ಲಿ ರೆಪೊ ಇಳೀತಾ ಬಂದು ಜೂನ್‌ಗೆ 5.5. ಹಳೇ ಫ್ಲೋಟಿಂಗ್‌ನಲ್ಲೇ ಇದ್ದಿದ್ದರೆ ನನ್ನದು 8.4 ಆಗ್ತಿತ್ತು.

ಸೆಪ್ಟೆಂಬರ್‌ನಲ್ಲಿ ಬದಲಾವಣೆ ಶುಲ್ಕ ಕಟ್ಟಿ ಫ್ಲೋಟಿಂಗ್‌ಗೆ ವಾಪಸ್ ಬಂದೆ. ಡಿಸೆಂಬರ್‌ನಲ್ಲಿ ರೆಪೊ 5.25 ಆಯ್ತು, ನನ್ನದು 8.15. ಕಂತು ಮಾತ್ರ ಇಳಿಸಬೇಡಿ ಅಂತ ಬರೆದುಕೊಟ್ಟಿದ್ದೀನಿ, ಅವಧಿ ಕಮ್ಮಿಯಾಗಲಿ. ಮೂರು ತಿಂಗಳಿಗೊಮ್ಮೆ ಸ್ಟೇಟ್‌ಮೆಂಟ್ ನೋಡ್ತೀನಿ, ಅಸಲಿನ ಕಾಲಂ ಒಂದನ್ನೇ.

ಪೂರ್ತಿ 20 ವರ್ಷಕ್ಕೆ ಫಿಕ್ಸ್? ನನ್ನ ಬಜೆಟ್ಟಿಗೆ ದೂರ. ಎರಡು ವರ್ಷದ್ದು? ಆ ಎರಡು ವರ್ಷದಲ್ಲಿ ಗಂಟು ದುಡ್ಡು ಬರೋದಿಲ್ಲ ಅನ್ನುವವರು ಯೋಚಿಸಬಹುದು. ಮಾರ್ಚ್‌ನಲ್ಲಿ ಕಾಫಿಯದೋ ಮೆಣಸಿನದೋ ದುಡ್ಡು ಬರುವ ಮನೆಗೆ ಬೇಡ.

ಭಾವನ ಐದು ವರ್ಷ 2027ರ ಫೆಬ್ರವರಿಗೆ ಮುಗಿಯುತ್ತೆ. ಆಮೇಲೆ ಯಾವ ದರ ಅಂತ ಹೋದ ವಾರ ಕೇಳಿದೆ. ಕಾಗದ ಹುಡುಕ್ತಾ ಇದ್ದಾರೆ.