ವ್ಯವಹಾರದ ಇಂಗ್ಲಿಷ್ ಮತ್ತು ದಿನನಿತ್ಯದ ಸ್ಫೂರ್ತಿ: ಒಂದು ಕಲಿಕಾ ಆ್ಯಪ್‌ನ ವಿಮರ್ಶೆ

ಕಚೇರಿಯಲ್ಲಿ ಬೇಕಾಗುವ ಇಂಗ್ಲಿಷ್ ಪದಗಳನ್ನೂ ವ್ಯಕ್ತಿತ್ವ ವಿಕಸನದ ಮಾತುಗಳನ್ನೂ ಒಂದೇ ಪಾಠದಲ್ಲಿ ಕಲಿಸುವ ಆ್ಯಪ್‌ಗಳು ಈಗ ಸಾಕಷ್ಟು ಬಂದಿವೆ. ಅಂಥ ಒಂದನ್ನು ಕೆಲವು ತಿಂಗಳಿಂದ ನಿಯಮಿತವಾಗಿ ಬಳಸುತ್ತಿದ್ದೇನೆ. ಇದೇ ಮಾದರಿಯ ಬೇರೆ ಆ್ಯಪ್ ಆರಿಸಿಕೊಳ್ಳುವವರಿಗೂ ಉಪಯೋಗವಾಗಲಿ ಎಂದು ಅದರ ಹೆಸರನ್ನು ಬಿಟ್ಟು, ಪಾಠದ ಕ್ರಮವನ್ನೇ ಇಲ್ಲಿ ಪರಿಶೀಲಿಸಿದ್ದೇನೆ. ಬೆಳಗ್ಗೆ ಒಂದು ಸ್ಫೂರ್ತಿಯ ವಾಕ್ಯ, ಅದರ ಕೆಳಗೆ ಐದು ಪದಗಳು, ಪ್ರತಿಯೊಂದಕ್ಕೂ ಅರ್ಥ ಮತ್ತು ಉಚ್ಚಾರಣೆ, ಆ ಪದಗಳನ್ನು ಬಳಸಿ ಬರೆದ ಒಂದು ಮಾದರಿ ಇಮೇಲ್, ಸಂಜೆ ಸ್ವಂತವಾಗಿ ಒಂದು ವಾಕ್ಯ ಬರೆಯುವ ಅಭ್ಯಾಸ: ದಿನದ ಪಾಠ ಇಷ್ಟೇ.

ಈ ಆ್ಯಪ್‌ನ ನಿಜವಾದ ಬೆಲೆ ಇರುವುದು ಪದ ಮತ್ತು ಸ್ಫೂರ್ತಿ ಬೇರೆಬೇರೆಯಾಗಿ ನಿಲ್ಲದೆ ಒಂದಾಗಿ ಬರುವ ಪಾಠಗಳಲ್ಲಿ. ‘ಔಟ್‌ಸ್ಟ್ಯಾಂಡಿಂಗ್’ ಎಂಬ ಪದದ ಪಾಠವನ್ನೇ ನೋಡಿ. ಪ್ರೋತ್ಸಾಹದ ಮಾತಿನಲ್ಲಿ ಅದು ಅತ್ಯುತ್ತಮವಾದದ್ದು ಎಂಬ ಅರ್ಥದಲ್ಲಿ ಬರುತ್ತದೆ; ಇನ್‌ವಾಯ್ಸ್‌ನಲ್ಲಿ ಬಂದರೆ ಇನ್ನೂ ಪಾವತಿಯಾಗದೆ ಉಳಿದ ಮೊತ್ತ ಎಂದಾಗುತ್ತದೆ. ಪಾಠದಲ್ಲಿ ಮೊದಲು ಮೇಲಧಿಕಾರಿಯೊಬ್ಬರು ಸಹೋದ್ಯೋಗಿಯ ಕೆಲಸವನ್ನು ಮೆಚ್ಚಿ ಬರೆದ ಎರಡು ಸಾಲು ಇದೆ, ಅದರ ಕೆಳಗೇ ಬಾಕಿ ಹಣವನ್ನು ವಿನಯದಿಂದ ಕೇಳುವ ಇಮೇಲ್ ಇದೆ. ಎರಡನ್ನೂ ಒಟ್ಟಿಗೆ ಓದಿದವರಿಗೆ ಆ ಪದದ ಬಗ್ಗೆ ಮತ್ತೆ ಗೊಂದಲವಾಗುವುದಿಲ್ಲ. ‘ಅಪ್ರೀಷಿಯೇಟ್’ ಪದವನ್ನೂ ಹೀಗೆಯೇ ಕಲಿಸಿದ್ದಾರೆ: ಕೃತಜ್ಞತೆ ಹೇಳಲೂ ಅದೇ, ಆಸ್ತಿಯ ಮೌಲ್ಯ ಏರಿತು ಎನ್ನಲೂ ಅದೇ. ‘ಕಮಿಟ್‌ಮೆಂಟ್’ ಮನಸ್ಸಿನ ಬದ್ಧತೆಯೂ ಹೌದು, ಕಂಪನಿ ಮುಂದೆ ಕೊಡಲೇಬೇಕಾದ ಹಣದ ಹೊಣೆಯೂ ಹೌದು. ‘ಟೇಬಲ್’ ಎಂಬ ಕ್ರಿಯಾಪದಕ್ಕೆ ಇನ್ನೂ ಹೆಚ್ಚಿನ ಎಚ್ಚರಿಕೆ ಬೇಕು. ಬ್ರಿಟಿಷ್ ಬಳಕೆಯಲ್ಲಿ ವಿಷಯವನ್ನು ಚರ್ಚೆಗೆ ಮಂಡಿಸುವುದು ಎಂದಿರುವ ಅದೇ ಪದ ಅಮೆರಿಕನ್ ಬಳಕೆಯಲ್ಲಿ ಚರ್ಚೆಯನ್ನು ಮುಂದೂಡುವುದು ಎಂಬ ಅರ್ಥ ಪಡೆಯುತ್ತದೆ. ಎರಡೂ ಕಡೆಯವರು ಕೂತ ಮೀಟಿಂಗ್‌ನಲ್ಲಿ ಇದರಿಂದ ಎಂಥ ತೊಡಕಾಗಬಹುದು ಎಂಬುದನ್ನು ಒಂದು ಪುಟ್ಟ ಸಂಭಾಷಣೆಯ ಮೂಲಕ ಚೆನ್ನಾಗಿ ತೋರಿಸಲಾಗಿದೆ.

ಪದಗಳನ್ನು ಒಂಟಿಯಾಗಿ ಕೊಡದೆ, ಅವು ಯಾವ ಪದಗಳ ಜೊತೆ ಬರುತ್ತವೆ ಎಂಬುದನ್ನೂ ಕಲಿಸುವುದು ಮತ್ತೊಂದು ಒಳ್ಳೆಯ ಅಂಶ. ‘ಡೆಡ್‌ಲೈನ್’ ಗೊತ್ತಿಲ್ಲದವರು ಕಡಿಮೆ. ಆದರೆ ಗಡುವಿನೊಳಗೆ ಕೆಲಸ ಮುಗಿಸಿದರೆ ‘ಮೀಟ್’, ತಪ್ಪಿದರೆ ‘ಮಿಸ್’, ವಿಸ್ತರಿಸಿದರೆ ‘ಎಕ್ಸ್‌ಟೆಂಡ್’ ಎಂಬ ಕ್ರಿಯಾಪದಗಳು ಅದರೊಂದಿಗೆ ಸೇರುತ್ತವೆ ಎಂಬುದು ಬರೆಯಲು ಕೂತಾಗ ನೆನಪಾಗುವುದಿಲ್ಲ. ಕನ್ನಡದಲ್ಲಿ ಯೋಚಿಸುವವರಿಗೆ ಇಲ್ಲಿ ವಿಶೇಷ ಸಹಾಯವಿದೆ. ನಾವು ಒಂದು ವಿಷಯದ ಬಗ್ಗೆ ಚರ್ಚಿಸುತ್ತೇವೆ, ಆದ್ದರಿಂದ ಇಂಗ್ಲಿಷಿನಲ್ಲೂ ‘ಡಿಸ್ಕಸ್ ಅಬೌಟ್’ ಎಂದು ಸಹಜವಾಗಿ ಬರೆದುಬಿಡುತ್ತೇವೆ. ಅಲ್ಲಿ ‘ಅಬೌಟ್’ ಬೇಕಿಲ್ಲ ಎಂಬುದನ್ನು ಈ ಆ್ಯಪ್ ತಾಳ್ಮೆಯಿಂದ, ಬೇರೆಬೇರೆ ವಾಕ್ಯಗಳಲ್ಲಿ ಮತ್ತೆಮತ್ತೆ ತೋರಿಸುತ್ತದೆ. ಉಚ್ಚಾರಣೆಯ ಭಾಗವೂ ಚೆನ್ನಾಗಿದೆ. ಬರೆದದ್ದನ್ನೆಲ್ಲ ಓದುವ ಅಭ್ಯಾಸವಿರುವ ನಮಗೆ ‘ಡೆಟ್’ನಲ್ಲಿ ಬಿ ಅಕ್ಷರವೂ ‘ರಿಸೀಟ್’ನಲ್ಲಿ ಪಿ ಅಕ್ಷರವೂ ಮೌನವೆಂಬುದು ಕಿವಿಯಿಂದಲೇ ಕಲಿಯಬೇಕಾದ ಸಂಗತಿ.

ಪದಗಳ ಆಯ್ಕೆಯಲ್ಲಿ ಮಾತ್ರ ನನಗೆ ಗಂಭೀರವಾದ ಆಕ್ಷೇಪವಿದೆ. ಯಾವ ಪದಗಳನ್ನು ಮೊದಲು ಕಲಿಯಬೇಕು ಎಂಬುದರ ಕುರಿತು ಭಾಷಾ ಶಿಕ್ಷಣದಲ್ಲಿ ದೊಡ್ಡ ಕೆಲಸವೇ ನಡೆದಿದೆ. ಪದೇ ಪದೇ ಬರುವ ಸುಮಾರು 2,800 ಪದಗಳ ‘ನ್ಯೂ ಜನರಲ್ ಸರ್ವಿಸ್ ಲಿಸ್ಟ್’ 2013ರಲ್ಲಿ ಪ್ರಕಟವಾಯಿತು. ಅದರ ಮೇಲೆ ಕಲಿಯಲೆಂದೇ ಸುಮಾರು 1,700 ಪದಗಳ ವ್ಯವಹಾರ ಇಂಗ್ಲಿಷ್ ಪಟ್ಟಿಯೊಂದನ್ನೂ ಅದೇ ತಂಡದವರು ಸಿದ್ಧಪಡಿಸಿದ್ದಾರೆ. ಇಂಥ ಆಧಾರಗಳಿರುವಾಗ ‘ಸಿನರ್ಜಿ’, ‘ಪ್ಯಾರಡೈಮ್ ಶಿಫ್ಟ್’ ಮುಂತಾದ ಅಲಂಕಾರದ ಪದಗಳನ್ನು ಮೊದಲ ವಾರದಲ್ಲೇ ಕೊಟ್ಟು, ‘ಕೊಟೇಶನ್’, ‘ರೀಇಂಬರ್ಸ್‌ಮೆಂಟ್’, ‘ಓವರ್‌ಡ್ಯೂ’ ಎಂಬ ನಿತ್ಯೋಪಯೋಗಿ ಪದಗಳನ್ನು ಬಹಳ ಹಿಂದಕ್ಕೆ ತಳ್ಳಿರುವುದು ಸರಿಯಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನವೇ ಬೇಕಾಗುವುದು ಎರಡನೆಯ ಗುಂಪಿನ ಪದಗಳು.

ಕಲಿತದ್ದನ್ನು ಮರಳಿ ಕೇಳುವ ಕ್ರಮ ಮೆಚ್ಚುವಂಥದ್ದು. ಕಲಿತದ್ದು ಮೊದಲಲ್ಲೇ ಬೇಗ ಮರೆತುಹೋಗುತ್ತದೆ, ಆಮೇಲೆ ಮರೆವಿನ ವೇಗ ತಗ್ಗುತ್ತದೆ ಎಂಬುದನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತಮ್ಮ ಮೇಲೆಯೇ ಪ್ರಯೋಗ ನಡೆಸಿ ತೋರಿಸಿದ್ದರು. ಅದಕ್ಕೆ ತಕ್ಕಂತೆ ಇಲ್ಲಿ ಪದಗಳು ಮರುದಿನ, ಮೂರನೆಯ ದಿನ, ವಾರದ ನಂತರ ಹೀಗೆ ಅಂತರ ಹೆಚ್ಚಿಸಿಕೊಳ್ಳುತ್ತಾ ಮತ್ತೆ ಬರುತ್ತವೆ. ಆದರೆ ಪರೀಕ್ಷೆಯೆಲ್ಲ ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಒತ್ತುವ ರೂಪದಲ್ಲಿದೆ. ಉತ್ತರವನ್ನು ಗುರುತಿಸುವುದು ಸುಲಭ; ಖಾಲಿ ಇಮೇಲ್‌ನ ಮುಂದೆ ಕೂತು ಪದವನ್ನು ತಾನಾಗಿ ನೆನಪಿಸಿಕೊಳ್ಳುವುದು ಬೇರೆಯೇ ಕೆಲಸ. ಸಂಜೆಯ ವಾಕ್ಯರಚನೆ ಈ ಕೊರತೆಯನ್ನು ತುಂಬುತ್ತದೆ, ಹಾಗಾಗಿ ಅದನ್ನು ಬಿಟ್ಟು ಬಿಡಬಹುದಾದ ಭಾಗವೆಂದು ಇಟ್ಟಿರುವುದು ನನಗೆ ಒಪ್ಪಿಗೆಯಾಗಲಿಲ್ಲ.

ಸ್ಫೂರ್ತಿಯ ಭಾಗದ ಗುಣಮಟ್ಟ ಒಂದೇ ಸಮನಾಗಿಲ್ಲ. ಬೆಳಗಿನ ಉಕ್ತಿಗಳು ದೊಡ್ಡವರ ಹೆಸರಿನಲ್ಲಿ ಬರುತ್ತವೆ, ಎಲ್ಲಿ ಯಾವಾಗ ಹೇಳಿದ್ದು ಎಂಬ ವಿವರ ಇರುವುದಿಲ್ಲ, ಅವುಗಳಲ್ಲಿರುವ ಪದಗಳಿಗೂ ಆ ದಿನದ ಐದು ಪದಗಳಿಗೂ ಹೆಚ್ಚಿನ ದಿನ ಯಾವ ಸಂಬಂಧವೂ ಇರುವುದಿಲ್ಲ. ಓದುವ ಕ್ಷಣಕ್ಕೆ ಹಿತವಾಗಿರುತ್ತವೆ, ಅಷ್ಟೇ.

ಇದಕ್ಕೆ ಹೋಲಿಸಿದರೆ ವಾರಕ್ಕೊಮ್ಮೆ ತೆರೆಯುವ ಗುರಿಯ ಪುಟ ಬಹಳ ಉತ್ತಮವಾಗಿದೆ. ಆ ವಾರ ಕಲಿತ ‘ಪ್ರಯಾರಿಟಿ’, ‘ಮೈಲ್‌ಸ್ಟೋನ್’, ‘ಸೆಟ್‌ಬ್ಯಾಕ್’, ‘ಫೀಡ್‌ಬ್ಯಾಕ್’ ಎಂಬ ಪದಗಳನ್ನೇ ಬಳಸಿ ನಮ್ಮ ಮುಂದಿನ ವಾರದ ಯೋಜನೆಯನ್ನು ಇಂಗ್ಲಿಷಿನಲ್ಲಿ ಬರೆಯಬೇಕು. ನಾನು ಯಶಸ್ವಿಯಾಗುತ್ತೇನೆ ಎಂಬಂಥ ವಾಕ್ಯ ಬರೆದರೆ, ಯಾವ ಕೆಲಸ, ಯಾವ ದಿನ, ಯಾರಿಗೆ ಎಂದು ಆ್ಯಪ್ ಮರಳಿ ಕೇಳುತ್ತದೆ. ಹಾಗೆ ಕೇಳಿಸಿಕೊಂಡು ತಿದ್ದಿದ ಮೇಲೆ ಪುಟದಲ್ಲಿ ಉಳಿಯುವ ವಾಕ್ಯ ‘ಐ ವಿಲ್ ಸೆಂಡ್ ದ ರಿವೈಸ್ಡ್ ಕೊಟೇಶನ್ ಬೈ ಫ್ರೈಡೇ’ ಎಂಬಂತೆ ನೇರವಾಗಿರುತ್ತದೆ. ಗುರಿಯ ಜೊತೆಗೆ ಎಲ್ಲಿ, ಯಾವಾಗ, ಹೇಗೆ ಎಂಬುದನ್ನೂ ಮೊದಲೇ ನಿರ್ಧರಿಸಿಕೊಂಡವರು ಅದನ್ನು ಸಾಧಿಸುವ ಸಾಧ್ಯತೆ ಹೆಚ್ಚು ಎಂದು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1990ರ ದಶಕದಿಂದಲೂ ಹೇಳುತ್ತಾ ಬಂದಿದ್ದಾರೆ. ಈ ಪುಟ ಅದೇ ತತ್ವದ ಮೇಲೆ ನಿಂತಿದೆ. ಅದರಲ್ಲಿ ಬರೆದ ವಾಕ್ಯವನ್ನು ಸ್ವಲ್ಪ ಬದಲಿಸಿ ಕಚೇರಿಯ ಇಮೇಲ್‌ನಲ್ಲಿ ನೇರವಾಗಿ ಬಳಸಬಹುದು. ಹಾಗೆ ಬಳಸಿದ ದಿನ ಬರುವ ಧೈರ್ಯವನ್ನು ಯಾವ ಉಕ್ತಿಯೂ ಕೊಡಲಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ದಿನ ತಪ್ಪದೆ ಕಲಿತವರಿಗೆ ಸಿಗುವ ‘ಸ್ಟ್ರೀಕ್’ ಎಂಬ ಲೆಕ್ಕದ ಕುರಿತೂ ಒಂದು ಮಾತು ಹೇಳಬೇಕು. ಒಂದೇ ಒಂದು ದಿನ ಬಿಟ್ಟರೂ ಅದು ಸೊನ್ನೆಗೆ ಇಳಿಯುತ್ತದೆ, ಜೊತೆಗೆ ನಿರಾಸೆಯ ಧಾಟಿಯ ನೋಟಿಫಿಕೇಶನ್ ಬರುತ್ತದೆ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಕೆಲಸ ತಾನಾಗಿ ನಡೆಯುವ ಅಭ್ಯಾಸವಾಗಲು ಹಿಡಿದ ಸಮಯ 18ರಿಂದ 254 ದಿನಗಳವರೆಗೆ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ರೂಪುಗೊಳ್ಳುವುದಕ್ಕೆ ಗಣನೀಯ ಅಡ್ಡಿಯಾಗಿರಲಿಲ್ಲ. ಸ್ವಂತ ಬೆಳವಣಿಗೆಗೆ ಜೊತೆಯಾಗುತ್ತೇವೆ ಎನ್ನುವವರು ಜ್ವರ ಬಂದು ಮಲಗಿದವರಿಗೂ ಪ್ರಯಾಣದಲ್ಲಿದ್ದವರಿಗೂ ಸೋತೆವೆಂಬ ಭಾವ ಮೂಡಿಸಬಾರದು. ಸೆಟ್ಟಿಂಗ್ಸ್‌ನಲ್ಲಿ ಆ ನೋಟಿಫಿಕೇಶನ್ ನಿಲ್ಲಿಸುವ ಅವಕಾಶವಿದೆ. ಮೊದಲ ದಿನವೇ ನಿಲ್ಲಿಸಿಬಿಡುವುದು ಒಳ್ಳೆಯದು.

ಆರಂಭದಿಂದ ಕಲಿಯುವವರಿಗೂ ಸೂಕ್ತ ಎಂದು ಆ್ಯಪ್ ಹೇಳಿಕೊಂಡರೂ ಅದರ ಮಾದರಿ ಇಮೇಲ್‌ಗಳು ಅಷ್ಟು ಸರಳವಾಗಿಲ್ಲ. ಎ1ರಿಂದ ಸಿ2ರವರೆಗೆ ಆರು ಹಂತಗಳಿರುವ ಯುರೋಪಿನ ಭಾಷಾ ಮಾಪನದ ಲೆಕ್ಕದಲ್ಲಿ ಹೇಳುವುದಾದರೆ, ಬಿ1 ಹಂತ ತಲುಪಿದವರಿಗೆ, ಅಂದರೆ ಪರಿಚಿತ ವಿಷಯದ ಬಗ್ಗೆ ಸರಳ ಪತ್ರವೊಂದನ್ನು ತಾವೇ ಬರೆಯಬಲ್ಲವರಿಗೆ, ಇದು ಹೊಂದುತ್ತದೆ. ಅದಕ್ಕಿಂತ ಕೆಳಗಿನವರು ಮೊದಲು ಸಾಮಾನ್ಯ ಇಂಗ್ಲಿಷನ್ನು ಗಟ್ಟಿ ಮಾಡಿಕೊಳ್ಳಲಿ. ಐದು ಪದಗಳೂ ಸಂಜೆಯ ವಾಕ್ಯವೂ ಉಚಿತವಾಗಿಯೇ ಸಿಗುತ್ತವೆ, ಗುರಿಯ ಪುಟ ಮತ್ತು ಪೂರ್ಣ ಇಮೇಲ್ ಸಂಗ್ರಹಕ್ಕೆ ಚಂದಾ ಕಟ್ಟಬೇಕು. ಹಣ ಕೊಡುವ ಮೊದಲು ಕೆಲವು ವಾರ ಸಂಜೆಯ ವಾಕ್ಯಗಳನ್ನು ತಪ್ಪದೆ ಬರೆದು, ಅವುಗಳಲ್ಲಿ ಒಂದೆರಡಾದರೂ ನಿಮ್ಮ ನಿಜವಾದ ಇಮೇಲ್‌ಗಳಲ್ಲಿ ಸೇರಿಕೊಳ್ಳುತ್ತಿವೆಯೇ ಎಂದು ನೋಡಿ. ಸೇರುತ್ತಿದ್ದರೆ ಗುರಿಯ ಪುಟಕ್ಕಾಗಿ ಚಂದಾ ಕಟ್ಟುವುದು ಸಾರ್ಥಕ. ಬೆಳಗಿನ ಉಕ್ತಿಗಳಿಗಾಗಿಯೇ ಕಟ್ಟುವ ಅಗತ್ಯವಿಲ್ಲ.